ಒದ್ದೆ ಗೋಣಿಯ ಸುಕನ್ಯಾ ಮೇಡಂ

ಸುಕನ್ಯಾ ಮೇಡಂ ನಗುತ್ತಿದ್ದುದು ಬೇರೆಯವರ ಸ್ಲೈಡ್ ಕೆಟ್ಟಾಗ ಮಾತ್ರ. ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಏನಮ್ಮಾ ಇದು, ಬಸ್ಸಾರು ಮಾಡಿದೀಯಾ?" ಎನ್ನುವರು. ಚಿಂತಾಮಣಿಯ ಆ ಪ್ರಯೋಗಾಲಯದಲ್ಲಿ ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ಮೊದಲ ವಾರದಿಂದಲೇ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನಿವೃತ್ತರಾದವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕಂತೆ. ನನ್ನಿಂದಾಗದು.

ನಮ್ಮ ಕೆಲಸ ಎಲೆಯೊಳಗಿನ ಸಾವನ್ನು ಹುಡುಕುವುದು. ಗಿಡದ ಜೀವಕೋಶ ಕೆಲವೊಮ್ಮೆ ಪೆಟ್ಟು ಬಿದ್ದು ಸಾಯುತ್ತದೆ. ಕೆಲವೊಮ್ಮೆ ರೋಗ ಹರಡದಿರಲೆಂದು ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಹಾಗೆ ಮುಗಿಸಿಕೊಳ್ಳುವಾಗ ಅದರ ಡಿಎನ್‌ಎ ತುಂಡುತುಂಡಾಗುತ್ತದೆ. ಆ ತುಂಡುಗಳ ತುದಿಗೆ ಅಂಟುವ ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುತ್ತದೆ. ಆದರೆ ಎಲೆಯನ್ನು ಕಿತ್ತ ಕೂಡಲೇ, ಅದನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡುವ ಫಾರ್ಮಾಲಿನ್ ದ್ರವಕ್ಕೆ ಹಾಕಬೇಕು. ತಡವಾದರೆ ಅದು ದಾರಿಯಲ್ಲೇ ಸಾಯತೊಡಗುತ್ತದೆ.

ಮೇಡಂ ಇದನ್ನು ಒಪ್ಪುತ್ತಿರಲಿಲ್ಲ. ಶಿಡ್ಲಘಟ್ಟದ ಹತ್ತಿರ ರೇಷ್ಮೆಹುಳು ಸಾಕುವ ಮನೆಯಲ್ಲಿ ಬೆಳೆದವರು. ಹುಳುವಿಗೆ ತರುವಂತೆಯೇ ಪರೀಕ್ಷೆಗೂ ಹಿಪ್ಪುನೇರಳೆ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತರಿಸುವರು. "ಬಾಡ್ದೇ ಇರೋ ಸೊಪ್ಪು ಹೆಂಗಮ್ಮಾ ಸಾಯ್ತದೆ? ನೀನು ಹುಟ್ಟೋಕ್ಮುಂಚೆ ಸೊಪ್ಪು ಕುಯ್ದೋಳು ನಾನು."

ಪೆರೇಸಂದ್ರದ ಮುನಿರಾಜಣ್ಣನವರ ಹಿಪ್ಪುನೇರಳೆ ತೋಟದ ಒಂದು ಮೂಲೆ ಒಣಗತೊಡಗಿತ್ತು. ರೋಗ ಉಳಿದ ಗಿಡಗಳಿಗೂ ಹಬ್ಬಿದೆಯೇ ಎಂದು ಕೇಳಿಕೊಂಡು ಬಂದರು. ಮನೆ ನಡೆಯುತ್ತಿದ್ದುದೇ ಆ ತೋಟದಿಂದ. ಚೆನ್ನಾಗಿದ್ದ ಗಿಡಗಳ ಸೊಪ್ಪನ್ನು ಮೇಡಂ ಅಪ್ಪಣೆಯಂತೆ ಗೋಣಿಯಲ್ಲೇ ತಂದೆ. ಬಿಚ್ಚಿದರೆ ಕೈಗೆ ತಾಗುವಷ್ಟು ಕಾವು. ಸ್ಲೈಡಿನ ತುಂಬ ಹಸಿರು ಹೊಳಪು.

"ತೋಟ ಪೂರ್ತಿ ಹೋಗಿದೆ, ಕೀಳ್ಸಿಬಿಡಪ್ಪ," ಎಂದು ಮೇಡಂ ಫೋನಿನಲ್ಲೇ ತೀರ್ಪು ಕೊಟ್ಟರು.

"ಗೋಣಿ ಕಾವಿಗೇ ಸತ್ತಿರಬಹುದು ಮೇಡಂ," ಎಂದೆ.

"ಬಹುದು ಗಿಹುದು ಎಲ್ಲ ನಿಮ್ಮನೇಲಿ ಇಟ್ಕೋ."

ಮೈ ಉರಿದುಹೋಯಿತು. ಮರುದಿನ ಯಾರಿಗೂ ಹೇಳದೆ ಪೆರೇಸಂದ್ರಕ್ಕೆ ಹೋಗಿ, ಗಿಡದ ಪಕ್ಕದಲ್ಲೇ ನಿಂತು ಎಲೆಯ ಚೂರುಗಳನ್ನು ಫಾರ್ಮಾಲಿನ್ ಸೀಸೆಗೆ ಹಾಕಿಕೊಂಡೆ. ಸದ್ಯಕ್ಕೆ ಕೀಳಿಸಬೇಡಿ ಎಂದರೆ ಮುನಿರಾಜಣ್ಣ ತಲೆಯಾಡಿಸಿದರು: "ಮೇಡಮ್ಮೋರು ಹೇಳ್ಬೇಕಮ್ಮ. ಟ್ರ್ಯಾಕ್ಟರಿನೋನಿಗೂ ಹೇಳಾಯ್ತು."

ಹೊಸ ಸ್ಲೈಡಿನಲ್ಲಿ ಹಸಿರೇ ಇರಲಿಲ್ಲ. ಬಣ್ಣ ಕೆಟ್ಟಿದೆ ಎಂದು ಮೇಡಂ ಜಾರಿಕೊಳ್ಳಬಾರದೆಂದು, ನಾನೇ ಬೇಕೆಂದು ಡಿಎನ್‌ಎ ಕತ್ತರಿಸಿದ ಎಲೆಚೂರೊಂದಕ್ಕೂ ಅದೇ ಬಣ್ಣ ಹಾಕಿ ಪಕ್ಕದಲ್ಲಿಟ್ಟಿದ್ದೆ. ಅದು ಚೆನ್ನಾಗಿ ಹೊಳೆಯುತ್ತಿತ್ತು. ಮೇಡಂ ಬಹಳ ಹೊತ್ತು ನೋಡಿದರು. ಆಮೇಲೆ ಫೋನು ಹಿಡಿದು ಆಚೆ ಹೋದರು. ತೋಟ ಉಳಿಯಿತು. ನನಗೆ ಖುಷಿಗೆ ಅಳುವೇ ಬಂತು.

ಮೇಡಂ ನಿವೃತ್ತರಾದ ದಿನ ಮುನಿರಾಜಣ್ಣ ಹಾರ, ಶಾಲು ತಂದು ಅವರಿಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬೇಜಾರು ಮಾಡ್ಕೋಬೇಡಮ್ಮ. ಮೊದಲ್ನೇ ಸಲ ಸೊಪ್ಪನ್ನ ಗೋಣೀಲಿ ತಂದು ನೀನು ಕೆಡಿಸ್ದೆ ಅಂತ ಮೇಡಮ್ಮೋರು ಕೀಳ್ಸಬೇಡ ಅಂತ ಫೋನ್ ಮಾಡ್ದಾಗ್ಲೇ ಹೇಳಿದ್ರು. ಅವ್ರು ಕಂಡುಹಿಡ್ದು ನಿನ್ನ ತಿರ್ಗಾ ಕಳಿಸ್ದೇ ಇದ್ದಿದ್ರೆ ನನ್ ತೋಟ ಹೋಗ್ತಿತ್ತು. ಚಿಕ್ಕೋಳು, ಆಗ್ತದೆ ಬಿಡು."

ಮೇಡಂ ಶಾಲು ಸರಿಮಾಡಿಕೊಳ್ಳುತ್ತ ನನ್ನ ಬೆನ್ನು ತಟ್ಟಿದರು. "ಕಲೀತಾಳೆ ಬಿಡಪ್ಪ."

ನಾನು ಮೇಡಂ ಅವರನ್ನು ನೋಡಿದ್ದು ಅದೇ ಕೊನೆ. ಅವರಿಬ್ಬರೂ ಅಲ್ಲೇ, ಎಲ್ಲರೆದುರು, ನನ್ನನ್ನು ಕ್ಷಮಿಸಿಬಿಟ್ಟರು.