ಎರಡು ಟೂಲ್‌ಗಳಿಗೆ ಒಂದೇ ಸಾಲು

ನನಗೆ ಉದ್ದ ಮಾತು ಆಗುವುದಿಲ್ಲ. ಎರಡೆರಡು ಸಲ ಹೇಳಿಸಿಕೊಳ್ಳುವವರನ್ನು ಕಂಡರೆ ಮೈ ಉರಿಯುತ್ತದೆ. "ನಿನ್ನ ತಲ್ಯಾಗಿಂದು ಮಂದಿಗೆ ಹೆಂಗ ಗೊತ್ತಾಗಬೇಕವಾ?" ಎಂದು ಅವ್ವ ಬೈಯುತ್ತಿದ್ದಳು. ನಾನು ಕಿವಿಗೆ ಹಾಕಿಕೊಂಡವಳೇ ಅಲ್ಲ.

ಬೈಲಹೊಂಗಲದ ಒಂದು ಸಣ್ಣ ಆಫೀಸಿನಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಹೋದ ವರ್ಷ ಊರಿನ ಒಂದು ಕಣ್ಣಿನ ಆಸ್ಪತ್ರೆಗೆ ಆ್ಯಪ್ ಮಾಡುತ್ತಿದ್ದೆವು. ಅದನ್ನು ಪರೀಕ್ಷಿಸಲು ಸಾಹೇಬರು ಎಐ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡುವ ಪ್ರೋಗ್ರಾಮ್, ತಂದರು. ಅದರ ಕೈಗೆ ಕೆಲವು ಟೂಲ್‌ಗಳನ್ನು ಕೊಟ್ಟು, ಯಾವುದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಮುಟ್ಟಬಾರದು ಎಂದು ಬರೆದಿಡಬೇಕು. ಆ ಬರಹ ಬಿಟ್ಟರೆ ಅದಕ್ಕೆ ಬೇರೇನೂ ಗೊತ್ತಿರುವುದಿಲ್ಲ. ಬರೆಯುವ ಕೆಲಸ ನನಗೆ ಬಂತು.

ಮೆಸೇಜ್ ಕಳಿಸಲು ಎರಡು ಟೂಲ್ ಇದ್ದವು. ಒಂದು ರೋಗಿಯ ಫೋನಿಗೆ ನಿಜವಾಗಿಯೇ ಕಳಿಸುವಂಥದ್ದು, ಇನ್ನೊಂದು ಪರೀಕ್ಷೆಗೆಂದು ಬರೀ ಕಳಿಸಿದ ಹಾಗೆ ಮಾಡುವಂಥದ್ದು. ಎರಡಕ್ಕೂ ನಾನು ಒಂದೇ ಸಾಲು ಬರೆದೆ: 'ರೋಗಿಗೆ ಮೆಸೇಜ್ ಕಳಿಸುತ್ತದೆ.' ಯಾವುದು ಯಾವುದೆಂದು ನನಗೆ ಗೊತ್ತಿತ್ತಲ್ಲ, ಸಾಕೆನಿಸಿತು. ಊಟದ ಹೊತ್ತು ಬೇರೆ ಆಗಿತ್ತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. 'ನಾಳೆ ನಿಮ್ಮ ಕಣ್ಣಿನ ಆಪರೇಷನ್, ಖಾಲಿ ಹೊಟ್ಟೆಯಲ್ಲಿ ಬನ್ನಿ' ಎಂದು, ಪರೀಕ್ಷೆಗೆ ಕೊಟ್ಟ ಪಟ್ಟಿಯಲ್ಲಿದ್ದ ಕೆಲವು ಅಸಲಿ ರೋಗಿಗಳಿಗೆ ಮೆಸೇಜ್ ಹೋಗಿಬಿಟ್ಟಿತ್ತು. ಉಳಿದವರು ವಿಚಾರಿಸಿ ಮನೆಯಲ್ಲೇ ಉಳಿದಿದ್ದರು. ಹೂಲಿಯ ಒಬ್ಬ ಮುದುಕಿ ಮಾತ್ರ ಸವದತ್ತಿಗೆ ಬಂದು, ಅಲ್ಲಿ ಬಸ್ ಬದಲಿಸಿ, ಆಸ್ಪತ್ರೆಗೆ ಬಂದೇಬಿಟ್ಟಿದ್ದಳು. "ಹೋಗಿ ಸಮಾಧಾನ ಮಾಡಿ ಬರ್ರಿ" ಎಂದು ಸಾಹೇಬರು ನನ್ನನ್ನೇ ಕಳಿಸಿದರು.

ಬಾಗಿಲ ಪಕ್ಕದ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ತುಟಿ ಒಣಗಿತ್ತು. "ನಿನ್ನೆ ಸಂಜಿಗೆ ಉಂಡಾಕಿ, ನೀರೂ ಮುಟ್ಟಿಲ್ಲ ಯವ್ವಾ. ಹಂಗ ಬಾ ಅಂತ ಬಂದೈತಿ ಅಂತ ಸೊಸಿ ಓದಿ ಹೇಳಿದ್ಲು."

"ಮಷೀನ್ ತಪ್ಪ ಮಾಡೇತ್ರಿ ಅಮ್ಮಾ" ಎಂದೆ. ಅಷ್ಟೇ. ಹೋಟೆಲಿಗೆ ಕರೆದೊಯ್ದು ಉಪ್ಪಿಟ್ಟು ತಿನ್ನಿಸಿ, ಚಹಾ ಕುಡಿಸಿ, ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ನನ್ನ ಕೈ ಹಿಡಿದು, "ನಿನ್ನ ಹೊಟ್ಟಿ ತಣ್ಣಗಿರಲಿ" ಎಂದಳು. ತಪ್ಪು ನನ್ನದೆಂದು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮಧ್ಯಾಹ್ನ ಏಜೆಂಟ್ ಮಾಡಿದ ಕೆಲಸದ ದಾಖಲೆ ತೆರೆದೆ. ಅದು ತನ್ನ ಕಾರಣವನ್ನು ನೆಟ್ಟಗೆ ಬರೆದಿಟ್ಟಿತ್ತು: 'ಎರಡೂ ಟೂಲ್‌ಗಳ ವಿವರಣೆ ಒಂದೇ ಇದೆ. ಮೊದಲನೆಯದನ್ನು ಬಳಸುತ್ತಿದ್ದೇನೆ.' ಸಾಹೇಬರು ಬರುವ ಸಪ್ಪಳ ಕೇಳಿ ಪರದೆ ಮುಚ್ಚಿದೆ. "ಏನಾಗಿತ್ತು?" ಎಂದರು. "ಏಜೆಂಟ್ ಇನ್ನೂ ಕಚ್ಚಾ ಐತ್ರಿ ಸರ್" ಎಂದೆ. ಅವರು ನಂಬಿದರು. ಅವರು ಹೋದ ಮೇಲೆ, ಮೊದಲ ಟೂಲಿನ ವಿವರಣೆಯಲ್ಲಿ 'ಇದು ನಿಜವಾದ ಫೋನಿಗೆ ಹೋಗುತ್ತದೆ, ಪರೀಕ್ಷೆಯಲ್ಲಿ ಎಂದೂ ಬಳಸಬೇಡ, ಬದಲಿಗೆ ಎರಡನೆಯದನ್ನು ಬಳಸು' ಎಂದು ಬರೆದೆ. ಐದು ನಿಮಿಷವೂ ಹಿಡಿಯಲಿಲ್ಲ. ಅದಕ್ಕೇ ನನಗೆ ಇನ್ನೂ ನಾಚಿಕೆ.

ತಿಂಗಳ ನಂತರ ಮುದುಕಿಗೆ ಆಪರೇಷನ್ನಿನ ಖರೇ ತಾರೀಖಿನ ಮೆಸೇಜ್ ಹೋಯಿತು. ಅವಳು ಬರಲಿಲ್ಲ. ಅವಳ ಸರದಿ ಬೇರೆಯವರಿಗೆ ಸಿಕ್ಕಿತು. ಆಸ್ಪತ್ರೆಯವರು ಹೇಳಿದಾಗ ನಾನೇ ಹೂಲಿಗೆ ಫೋನ್ ಮಾಡಿದೆ. ಸೊಸೆ ಎತ್ತಿದಳು. ಯಾಕೆ ಬರಲಿಲ್ಲವೆಂದು ಕೇಳಿದೆ.

"ಇದೂ ಹೋದ ಸಲದ್ದರಂಗ ಅನ್ಕೊಂಡು ಬಿಟ್ಟೇವ್ರಿ. ಖರೇ ಇತ್ತೇನ್ರಿ? ಇನ್ನ ಯಾವಾಗ್ರಿ?"

"ಎರಡು ತಿಂಗಳಾದ್ರೂ ಆಗತೈತ್ರಿ."

"ಮೊನ್ನೆ ಒಲಿ ಮುಂದ ಕೈ ಸುಟ್ಟಕೊಂಡಾರ್ರಿ ಅತ್ತಿ. ಏನೂ ಕಾಣಂಗಿಲ್ಲ ಅವ್ರಿಗೆ."

ನನ್ನಿಂದ ಇನ್ನು ತಡೆಯಲಾಗಲಿಲ್ಲ. "ಹೋದ ಸಲದ್ದು ಮಷೀನ್ ತಪ್ಪಲ್ರಿ. ನಾ ಅದಕ್ಕ ಸರಿಯಾಗಿ ಬರದಿಟ್ಟಿರಲಿಲ್ಲ. ತಪ್ಪು ನಂದು."

"ನೀವು ಯಾರ್ರಿ?"

"ಆವತ್ತ ಚಾ ಕುಡಿಸಿದಾಕಿರಿ."

ಸೊಸೆ ದನಿ ತಗ್ಗಿಸಿದಳು. "ಅತ್ತಿ ಮನಿಗೆ ಬಂದೋರಿಗೆಲ್ಲಾ ನಿಮ್ಮ ಸುದ್ದೀನ ಹೇಳತಾರ್ರಿ, ಎಂಥಾ ಹುಡುಗಿ ಅಂತ. ಇದನ್ನ ನಾ ಅವ್ರಿಗೆ ಹೇಳೂದಿಲ್ಲ ಬಿಡ್ರಿ."

ಹೇಳ್ರಿ ಎನ್ನಬೇಕಿತ್ತು ನಾನು. ಹೂಂ ಎಂದು ಫೋನ್ ಇಟ್ಟೆ.