ಒಂದು ಲೋಟ ಗಂಜಿ

ಅರಿವಳಿಕೆ ಕೊಡುವ ಡಾಕ್ಟರು ನಮ್ಮ ಹೊನ್ನಾವರದ ಆಸ್ಪತ್ರೆಗೆ ಬರುವಷ್ಟರಲ್ಲಿ ಭಟ್ಕಳದಲ್ಲಿ ಒಂದು ಕೇಸು ಮುಗಿಸಿರುತ್ತಿದ್ದರು; ಇಲ್ಲಿಂದ ಕುಮಟಾಕ್ಕೆ ಹೋಗಬೇಕಿರುತ್ತಿತ್ತು. ರೋಗಿಯ ತಲೆಯ ಬಳಿ ಸ್ಟೂಲು ಎಳೆದುಕೊಂಡು, "ಉಸಿರು ಎಳೀರಿ, ಉಳ್ದದ್ದು ನಂಗೆ ಬಿಡಿ" ಎನ್ನುವರು. ಎಲ್ಲರಿಗೂ ಅದೇ ಮಾತು.

ಆ ದಿನ ಪಿತ್ತಕೋಶದ ಆಪರೇಷನ್ನಿಗೆ ಬಂದವಳು ತೆಂಗಿನಗುಂಡಿಯ ಮೀನು ಮಾರುವ ಹೆಂಗಸು. ಡಾಕ್ಟರು ಸಿರಿಂಜಿಗೆ ಔಷಧಿ ತುಂಬಿಕೊಳ್ಳುತ್ತಿದ್ದಾಗ ನರ್ಸಾದ ನಾನೇ ಕೇಳಿದೆ: "ಬೆಳಿಗ್ಗೆ ಎಂತಾದ್ರೂ ತಿಂದ್ಯನೆ?"

"ಎಂತದೂ ಇಲ್ಲ ಅಕ್ಕ. ನಿಮ್ಮ ಆಸ್ಪತ್ರೆಯಲ್ಲಿ ಉಪವಾಸವೇ ಔಷಧಿ ಅಲ್ದಾ?" ಎಂದು ನಕ್ಕಳು. ನಾನು ಹಾಳೆಯಲ್ಲಿ ಗುರುತು ಹಾಕಿದೆ.

ಎಚ್ಚರ ತಪ್ಪಿದ ಕೂಡಲೇ ಅವಳ ಬಾಯಿಂದ ಗಂಜಿ ಉಕ್ಕಿತು. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಮಾನಿಟರಿನ ಸದ್ದು ತಗ್ಗುತ್ತಾ ಹೋಯಿತು. ಡಾಕ್ಟರು ಮೇಜಿನ ತಲೆಭಾಗ ಇಳಿಸಿ, ಮುಖ ಹೊರಳಿಸಿ, ಗಂಟಲಿನಿಂದ ಗಂಜಿ ಹೀರಿ ತೆಗೆದು, ಉಸಿರಿನ ನಳಿಗೆ ಇಳಿಸಿದರು. ದನಿ ಏರಿಸಲಿಲ್ಲ. ಸದ್ದು ಮೆಲ್ಲಗೆ ಮೇಲೆ ಬಂತು. ಆಪರೇಷನ್ ಮುಂದಕ್ಕೆ ಹಾಕಿದೆವು.

ಹೊರಗೆ ಅವಳ ಗಂಡ ಕಣ್ಣು ಒರೆಸಿಕೊಂಡ. "ನಾನೇ ಒಂದು ಲೋಟ ಗಂಜಿ ಕುಡ್ಸಿದ್ದೆ ಡಾಕ್ಟ್ರೆ. ತಿನ್ಬೇಡಿ ಅಂದಿದ್ರಲ್ಲ, ಅಗುಳು ಮುಟ್ಲಿಲ್ಲ ಅವ್ಳು."

"ತಪ್ಪು ನಮ್ದು. ಕುಡಿದ್ಯಾ ಅಂತ ಕೇಳ್ಲಿಲ್ಲ" ಎಂದರು ಡಾಕ್ಟರು. ನನ್ನ ಕಡೆ ತಿರುಗಲಿಲ್ಲ.

ವಾರದ ಮೇಲೆ ಅವಳು ತನ್ನ ಕಾಲ ಮೇಲೇ ನಡೆದು ಆಸ್ಪತ್ರೆಯಿಂದ ಹೊರಟಳು. ನನಗೆ ನೆನಪಿರುವುದು ಆಪರೇಷನ್ ನಿಂತ ದಿನದ ಮಧ್ಯಾಹ್ನವೇ. ಡಾಕ್ಟರು ಅವಳ ಮಂಚದ ಪಕ್ಕ ಕೂತಿದ್ದರು. ಕುಮಟಾದಿಂದ ಫೋನು ಬಂದಾಗ ಅದನ್ನು ನನ್ನತ್ತ ಚಾಚಿದರು.

"ಇವತ್ತು ಬರೂದಿಲ್ಲ ಅಂತ ನೀವೇ ಹೇಳಿ. ನಂಗೆ ಮಾತಾಡೂಕೆ ಆಗ್ತಿಲ್ಲ."