ಬಂದ ಬಾಗಿಲಲ್ಲೇ ಮರಳಿದ ಉತ್ತರ

ವರದಾ ನದಿ ದಂಡೆಯ ನಮ್ಮ ಪಂಪ್‌ಹೌಸಿನಲ್ಲಿ ಪಂಪ್ ನಡೆಸುವ, ಬ್ಯಾಟರಿ ಇರುವ ಲಿನಕ್ಸ್ ಕಂಪ್ಯೂಟರಿಗೆ ಕೇಬಲ್ ಮತ್ತು ಸಿಮ್, ಎರಡು ಇಂಟರ್ನೆಟ್ ಇವೆ. ಸಿಮ್ಮಿನಿಂದ ಕೇಳಿದರೂ ಅದು ಕೇಬಲಿನಲ್ಲೇ ಉತ್ತರಿಸುತ್ತಿತ್ತು. ಕೇಬಲ್ ಹರಿದರೆ ಉತ್ತರವೇ ಇಲ್ಲ.

“ನಮ್ಮ ಮನ್ಯಾಗ ಬೀಗರನ್ನೂ ಬಂದ ಬಾಗಿಲದಾಗ ಕಳಸ್ತೇವ್ರಿ” ಎನ್ನುತ್ತ ನಮ್ಮ ಇಂಜಿನಿಯರ್ ಮೇಡಂ, ಕೇಳಿದ ದಾರಿಯಲ್ಲೇ ಉತ್ತರ ಕಳಿಸುವಂತೆ ಅದಕ್ಕೆ ಒಂದು ಸಾಲಿನ ನಿಯಮ ಬರೆದಾಗ ನಾನು ನಕ್ಕಿದ್ದೆ.

ಮರುದಿನವೇ ಕೇಬಲ್ ಹರಿಯಿತು. ಅಂದೇ ಕರೆಂಟ್ ಹೋದಾಗ ಕೆಲಸಗಾರನೊಬ್ಬ ನನಗೆ ಫೋನ್ ಮಾಡಿ ಹೇಳಿ, ಕಸ ತೆಗೆಯಲು ಪಂಪಿನ ಬಾವಿಗೆ ಇಳಿದ. ಕರೆಂಟ್ ಬಂದೊಡನೆ ತಾನೇ ಶುರುವಾಗುವ ಪಂಪು ಅದು. ಅದರ ಸ್ವಿಚ್ ಬಂದ್ ಮಾಡಿದ್ದಾನೋ ಇಲ್ಲವೋ ಕೇಳೋಣವೆಂದರೆ ಫೋನ್ ಹತ್ತಲಿಲ್ಲ. ಹಾನಗಲ್ಲಿನ ನಮ್ಮ ಕಚೇರಿಯಿಂದ ಮೇಡಂ ಸಿಮ್ ಮೂಲಕ ಆ ಕಂಪ್ಯೂಟರಿನ ಒಳಹೊಕ್ಕರು.

“ಸ್ವಿಚ್ ಚಾಲೂನ ಐತ್ರಿ” ಎಂದು ಬಂದ್ ಮಾಡಿದರು. ‘ಬಂದ್ ಆಗಿದೆ’ ಎಂಬ ಉತ್ತರ ಸಿಮ್ಮಿನಲ್ಲೇ ಬಂತು. ಹಿಂದೆಯೇ ಕರೆಂಟ್ ಬಂತು. ಪಂಪ್ ಅಲುಗಲಿಲ್ಲ. ನಾನು ನಕ್ಕಿದ್ದ ಆ ಒಂದು ಸಾಲಿನ ನಿಯಮವನ್ನು ನೋಡುತ್ತ ಕುಳಿತೆ.

ಅರ್ಧ ತಾಸಿನ ಮೇಲೆ ಅವನದೇ ಫೋನ್: “ಕಸ ತಗದೇನ್ರಿ ಸರ, ಇನ್ನ ಪಂಪ್ ಹಚ್ರಿ.”